ಕಲ್ಪಿತ ಲೋಕಕ್ಕೆ ಪಂಚಾಂಗ ಕಟ್ಟುವ ಬಗೆ

ಫ್ಯಾಂಟಸಿ ಕಾದಂಬರಿಗೆ ಕೈಹಾಕಿದ ಹೊಸಬರು ಮೊದಲು ಭೂಪಟ ಬರೆಯುತ್ತಾರೆ, ಆಮೇಲೆ ರಾಜವಂಶದ ಪಟ್ಟಿ. ಕ್ಯಾಲೆಂಡರಿನ ಸರದಿ ಬರುವುದು ಕೊನೆಗೆ. ಆ ಹೊತ್ತಿಗೆ ಉತ್ಸಾಹ ಇಳಿದಿರುತ್ತದೆ. ಹನ್ನೆರಡು ತಿಂಗಳಿಗೆ ಹನ್ನೆರಡು ಚೆಂದದ ಹೆಸರಿಟ್ಟು ಮುಗಿಸಿಬಿಡುತ್ತಾರೆ. ಇಡೀ ಲೋಕಕ್ಕೆ ಅದೊಂದೇ ಕ್ಯಾಲೆಂಡರ್. ಬೆಟ್ಟದವರೂ ಕಡಲಿನವರೂ ಅರಮನೆಯವರೂ ಅದನ್ನೇ ಒಪ್ಪಿಕೊಂಡಿರುತ್ತಾರೆ. ಅಲ್ಲಿ ಸಾಲದ ಗಡುವಿಗೆ ಜಗಳವಿಲ್ಲ, ಹಬ್ಬ ಇಂದೋ ನಾಳೆಯೋ ಎಂಬ ಚರ್ಚೆ ಇಲ್ಲ. ನನ್ನ ಮಟ್ಟಿಗೆ ಆ ಲೋಕದಲ್ಲಿ ಜನರೇ ಇಲ್ಲ.

ಮುಂಬಯಿಯಲ್ಲಿ ಕೂತು ಬರೆಯುವ ಕನ್ನಡಿಗರಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. ನಮ್ಮ ಯುಗಾದಿಯ ದಿನವೇ ಪಕ್ಕದ ಮನೆಯಲ್ಲಿ ಗುಡಿ ಪಾಡ್ವಾ. ಅದೇ ಮಹಡಿಯ ತುಳುವರಿಗೆ ಹೊಸ ವರ್ಷ ಬರುವುದು ಏಪ್ರಿಲ್ ಮಧ್ಯದ ಬಿಸುವಿನಂದು. ಪಾರ್ಸಿಗಳಲ್ಲಿ ಬಹುಪಾಲು ಜನರಿಗೆ ಅದು ಆಗಸ್ಟ್‌ನಲ್ಲಿ, ಗುಜರಾತಿಗಳಿಗೆ ದೀಪಾವಳಿ ಅಮಾವಾಸ್ಯೆ ಕಳೆದ ಮೇಲೆ, ಕಾರ್ತಿಕ ಶುದ್ಧ ಪಾಡ್ಯಕ್ಕೆ. ಮುಸ್ಲಿಮರ ಮೊಹರಂ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಇವರೆಲ್ಲ ಬೆಳಿಗ್ಗೆ ಒಂದೇ ಲೋಕಲ್ ಹಿಡಿದು ಕೆಲಸಕ್ಕೆ ಹೋಗುತ್ತಾರೆ. ಒಂದೇ ಊರು, ಒಂದೇ ಸೂರ್ಯ, ಲೆಕ್ಕ ಮಾತ್ರ ಬೇರೆ ಬೇರೆ. ಈ ಲೆಕ್ಕಗಳು ಒಂದಕ್ಕೊಂದು ಕೂಡದ ಜಾಗದಲ್ಲೇ ಕಥೆ ಹುಟ್ಟುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆದ್ದರಿಂದ ಒಂದು ಪಂಚಾಂಗ ಕಟ್ಟಬೇಡಿ. ಕನಿಷ್ಠ ಎರಡು, ಸಾಧ್ಯವಾದರೆ ಮೂರು ಕಟ್ಟಿ.

ಹೆಜ್ಜೆ 1: ಆಕಾಶಕ್ಕೆ ಮೂರು ಸಂಖ್ಯೆ ಕೊಡಿ

ಬೇಕಾದದ್ದು ಮೂರೇ: ದಿನದ ಉದ್ದ, ಹುಣ್ಣಿಮೆಯಿಂದ ಹುಣ್ಣಿಮೆಗೆ ಎಷ್ಟು ದಿನ, ವರ್ಷಕ್ಕೆ ಎಷ್ಟು ದಿನ. ನಮ್ಮ ಭೂಮಿಯಲ್ಲಿ ಚಾಂದ್ರಮಾಸ ಸರಾಸರಿ 29.53 ದಿನ, ವರ್ಷ 365.2422 ದಿನ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ ಮತ್ತು ಸ್ವಲ್ಪ. ಸೌರವರ್ಷ ತುಂಬಲು ಇನ್ನೂ ಸುಮಾರು 11 ದಿನ ಬೇಕು. ಚಂದ್ರನನ್ನು ನಂಬಿದ ಎಲ್ಲ ಪಂಚಾಂಗಗಳ ತಲೆನೋವು ಈ 11 ದಿನಗಳೇ. ಅಧಿಕ ಮಾಸ ಬಂದದ್ದು ಇದರಿಂದ, ರಂಜಾನ್ ಒಮ್ಮೆ ಮಳೆಗಾಲಕ್ಕೂ ಒಮ್ಮೆ ಚಳಿಗಾಲಕ್ಕೂ ಬರುವುದು ಇದರಿಂದ.

ನಿಮ್ಮ ಲೋಕದಲ್ಲೂ ಸಂಖ್ಯೆಗಳು ಸರಿಯಾಗಿ ಭಾಗವಾಗದಂತೆ ನೋಡಿಕೊಳ್ಳಿ. ತಿಂಗಳಿಗೆ 30 ದಿನ, ವರ್ಷಕ್ಕೆ 360 ಎಂದು ಇಟ್ಟರೆ ಜೋಯಿಸರಿಗೆ ಕೆಲಸವೇ ಇರುವುದಿಲ್ಲ. ಹಾಗಂತ ನಾಲ್ಕು ದಶಾಂಶ ಸ್ಥಾನದವರೆಗೆ ಹೋಗಬೇಕಾಗಿಯೂ ಇಲ್ಲ, ಲೆಕ್ಕ ಮಾಡಬೇಕಾದವರು ನೀವೇ. ಈ ಲೇಖನದ ಉದ್ದಕ್ಕೂ ನಾನು ಒಂದು ಉದಾಹರಣೆ ಇಟ್ಟುಕೊಳ್ಳುತ್ತೇನೆ: ವರ್ಷಕ್ಕೆ 400 ದಿನ, ಹುಣ್ಣಿಮೆಯಿಂದ ಹುಣ್ಣಿಮೆಗೆ 34 ದಿನ, ದಿನಕ್ಕೆ ನಮ್ಮಂತೆಯೇ 24 ಗಂಟೆ. ದಿನದ ಉದ್ದವನ್ನು ಬದಲಿಸದಿರುವುದು ಮೇಲು. ಬದಲಿಸಿದರೆ ಓದುಗರ ನಿದ್ದೆ, ಊಟ, ನಡಿಗೆಯ ಅಂದಾಜೆಲ್ಲ ತಪ್ಪುತ್ತದೆ, ಅದರಿಂದ ನಿಮಗೆ ಸಿಗುವ ಲಾಭ ತೀರ ಕಡಿಮೆ.

ಇಲ್ಲಿ ಹನ್ನೊಂದು ತಿಂಗಳಿಗೆ 374 ದಿನ, ವರ್ಷಕ್ಕೆ 26 ಕಡಿಮೆ. ಹನ್ನೆರಡು ತಿಂಗಳಿಗೆ 408, ವರ್ಷಕ್ಕಿಂತ 8 ಹೆಚ್ಚು. ಈ ಎಂಟನ್ನು ನೆನಪಿಡಿ.

ಹೆಜ್ಜೆ 2: ಯಾರಿಗೆ, ಯಾತಕ್ಕೆ ಹೊತ್ತು ಬೇಕು?

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ. ಯಾವ ಜನರೂ ಸುಮ್ಮನೆ ಕಾಲ ಎಣಿಸುವುದಿಲ್ಲ. ಬಿತ್ತಲು, ಬಲೆ ಬೀಸಲು, ಕಂದಾಯ ಎತ್ತಲು, ದೇವರಿಗೆ ದೀಪ ಹಚ್ಚಲು ಎಣಿಸುತ್ತಾರೆ. ಕೆಲಸ ಯಾವುದೆಂದು ಗೊತ್ತಾದರೆ ಪಂಚಾಂಗದ ಸ್ವರೂಪ ತಾನಾಗಿ ತಿಳಿಯುತ್ತದೆ.

ನಮ್ಮ ರೈತರ ಮಳೆ ನಕ್ಷತ್ರಗಳನ್ನೇ ತೆಗೆದುಕೊಳ್ಳಿ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು ಮಳೆ. ಇಪ್ಪತ್ತೇಳು ನಕ್ಷತ್ರಕ್ಕೆ ವರ್ಷ ಮುಗಿಯುತ್ತದೆ. ಇದಕ್ಕೆ ಚಂದ್ರನ ಹಂಗಿಲ್ಲ, ಅಧಿಕ ಮಾಸದ ಕಾಟವಿಲ್ಲ, ಬಿತ್ತನೆಯ ದಿನ ಆಚೀಚೆ ಜಾರುವುದಿಲ್ಲ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂದು ಗಾದೆಗಳಲ್ಲೇ ಇಡೀ ಕೃಷಿ ಪಂಚಾಂಗ ಕೂತಿದೆ. ಅದೇ ರೈತ ಹಬ್ಬಕ್ಕೆ ಮಾತ್ರ ಚಾಂದ್ರ ತಿಥಿ ನೋಡುತ್ತಾನೆ. ಒಬ್ಬ ಮನುಷ್ಯ ಎರಡು ಪಂಚಾಂಗಗಳಲ್ಲಿ ಬದುಕುವುದು ತೀರ ಸಹಜ. ನಿಮ್ಮ ಪಾತ್ರಗಳೂ ಹಾಗೇ ಬದುಕಲಿ.

ಇನ್ನೊಂದು ಉದಾಹರಣೆಗೆ ಮುಂಬಯಿ ಬಿಟ್ಟು ಹೋಗಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಸಾಮಾನ್ಯವಾಗಿ ಜೂನ್ 1ರಿಂದ ಜುಲೈ 31ರವರೆಗೆ. ಇಲ್ಲಿನ ಮೀನುಗಾರರಾದ ಕೋಳಿ ಸಮುದಾಯದವರಿಗೆ ಕಡಲು ತೆರೆಯುವುದು ಶ್ರಾವಣದ ಹುಣ್ಣಿಮೆಯಂದು. ಅವತ್ತು ನಾರಳಿ ಪೂರ್ಣಿಮೆ, ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ದಿನ. 2025ರಲ್ಲಿ ಆ ಹುಣ್ಣಿಮೆ ಆಗಸ್ಟ್ ಎರಡನೇ ವಾರದೊಳಗೇ ಬಂತು. 2023ರಲ್ಲಿ ಅಧಿಕ ಶ್ರಾವಣ ನಡುವೆ ನುಗ್ಗಿದ್ದರಿಂದ ಆಗಸ್ಟ್ 30ಕ್ಕೆ ಹೋಯಿತು. ಕಾನೂನು ದೋಣಿ ಬಿಡು ಎಂದ ದಿನಕ್ಕೂ ಸಂಪ್ರದಾಯ ಬಿಡು ಎಂದ ದಿನಕ್ಕೂ ಮಧ್ಯೆ ನಾಲ್ಕು ವಾರ. ಮನೆಯಲ್ಲಿ ಅಕ್ಕಿ ಮುಗಿದಿದೆ, ಅಜ್ಜಿ ತೆಂಗಿನಕಾಯಿ ಬಿಡದೆ ದೋಣಿ ಇಳಿಸಬೇಡ ಎನ್ನುತ್ತಾಳೆ, ಮಗ ಏನು ಮಾಡಬೇಕು? ಇಂಥದ್ದೊಂದು ಸಂದರ್ಭ ನಿಮ್ಮ ಲೋಕದಲ್ಲಿ ಸಿಕ್ಕರೆ ಅರ್ಧ ಅಧ್ಯಾಯ ಸಿಕ್ಕಿದಂತೆ.

ನನ್ನ ಉದಾಹರಣೆಯ ಲೋಕಕ್ಕೆ ಮೂರು ಜನಾಂಗ ಇಡೋಣ. ನದಿ ಕಡಲು ಸೇರುವ ಕಡೆ ಇರುವ ಅಳಿವೆಯವರು: ಮೀನು, ಉಪ್ಪು, ದೋಣಿ. ಬಯಲಿನಲ್ಲಿ ಕೋಟೆಯವರು: ಗದ್ದೆ, ಕಂದಾಯ, ಸೈನ್ಯ. ಮೇಲೆ ಕುರಿ ಮೇಯಿಸುವ ಘಟ್ಟದವರು.

ಹೆಜ್ಜೆ 3: ದಿನ ಎಲ್ಲಿಂದ ಶುರು, ಹೊತ್ತು ಹೇಗೆ ಭಾಗ?

ನಮ್ಮ ಪಂಚಾಂಗಕ್ಕೆ ದಿನ ಸೂರ್ಯೋದಯದಿಂದ, ಮುಸ್ಲಿಮರಿಗೂ ಯಹೂದಿಗಳಿಗೂ ಸೂರ್ಯಾಸ್ತದಿಂದ, ಕಚೇರಿಗೆ ನಡುರಾತ್ರಿಯಿಂದ. ಖಗೋಳ ವಿಜ್ಞಾನಿಗಳು 1925ರವರೆಗೆ ಮಧ್ಯಾಹ್ನದಿಂದ ಎಣಿಸುತ್ತಿದ್ದರು, ರಾತ್ರಿಯ ವೀಕ್ಷಣೆಯ ನಡುವೆ ತಾರೀಕು ಬದಲಾಗದಿರಲಿ ಎಂದು. ನಿಮ್ಮ ಕಥೆಯಲ್ಲಿ ರಾತ್ರಿ ಒಂದು ಕೊಲೆ ನಡೆದರೆ, ಅದು ‘ನಿನ್ನೆ’ಯದೋ ‘ಇಂದಿ’ನದೋ ಎಂಬುದರ ಮೇಲೆ ಒಬ್ಬನ ತಲೆ ಉಳಿಯಬಹುದು. ಒಪ್ಪಂದ ಜಾರಿಗೆ ಬಂದದ್ದು ಸಂಜೆಗೋ ಮರುದಿನ ಬೆಳಗಿಗೋ?

ಹೊತ್ತಿನ ಭಾಗಕ್ಕೆ ಎರಡು ದಾರಿ. ಒಂದು ಸಮಭಾಗ: ತಳಕ್ಕೆ ತೂತಿರುವ ತಾಮ್ರದ ಬಟ್ಟಲು ನೀರಿನ ಮೇಲೆ ತೇಲುತ್ತ ತುಂಬಿ ಮುಳುಗುವುದಕ್ಕೆ 24 ನಿಮಿಷ. ಅದೊಂದು ಘಳಿಗೆ, ಹಗಲು ರಾತ್ರಿ ಸೇರಿ ಅರವತ್ತು. ಬಟ್ಟಲನ್ನು ಎತ್ತಿ ಮತ್ತೆ ಬಿಡಲು, ಗಂಟೆ ಬಾರಿಸಲು ಒಬ್ಬ ಆಳು ಬೇಕು. ಆ ಆಳು ಒಂದು ಒಳ್ಳೆಯ ಪಾತ್ರ, ಊರಿನ ಹೊತ್ತು ಅವನ ಕೈಯಲ್ಲಿದೆ. ಇನ್ನೊಂದು ದಾರಿ ಹಗಲನ್ನೇ ಭಾಗ ಮಾಡುವುದು. ರಾಹುಕಾಲ ಇವತ್ತಿಗೂ ಹಾಗೇ ಲೆಕ್ಕವಾಗುವುದು, ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಿ. ಹಗಲನ್ನು ಹನ್ನೆರಡಾಗಿ ಭಾಗಿಸಿದರೆ ಮುಂಬಯಿಯಲ್ಲಿ ಆ ‘ಗಂಟೆ’ ಡಿಸೆಂಬರ್‌ನಲ್ಲಿ ಸುಮಾರು 55 ನಿಮಿಷ, ಜೂನ್‌ನಲ್ಲಿ 66. ಉತ್ತರಕ್ಕೆ ಹೋದಷ್ಟೂ ವ್ಯತ್ಯಾಸ ಬೆಳೆಯುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಅದೇ ಗಂಟೆ ಚಳಿಗಾಲಕ್ಕೆ ಅರ್ಧ ಗಂಟೆಯಷ್ಟು, ಬೇಸಿಗೆಗೆ ಒಂದೂವರೆ ಗಂಟೆ. ನಿಮ್ಮ ಹಿಮದ ನಾಡಿನಲ್ಲಿ ಕೂಲಿಯಾಳು ‘ಹನ್ನೆರಡು ಗಂಟೆ’ ದುಡಿಯುವುದೆಂದರೆ ಏನು ಎಂದು ಯೋಚಿಸಿ.

ಈಗ ಅಳಿವೆಯವರು. ಅವರ ಗಡಿಯಾರ ಉಬ್ಬರ. ನಮ್ಮ ಕಡಲಲ್ಲಿ ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಗೋವಾದಲ್ಲಿ ಉಪ್ಪುನೀರಿಗೆ ಕಟ್ಟೆ ಹಾಕಿ ಮಾಡಿದ ಖಾಜನ್ ಗದ್ದೆಗಳ ತೂಬಿನ ಬಾಗಿಲುಗಳೂ ಅದರ ಬಾಯಿಗೆ ಬಲೆ ಕಟ್ಟುವವರೂ ಕೈಗಡಿಯಾರಕ್ಕಿಂತ ಈ ಏರಿಳಿತಕ್ಕೆ ಹೆಚ್ಚು ಬೆಲೆ ಕೊಡುವವರು. ನನ್ನ 34 ದಿನಗಳ ಚಂದ್ರನಿಗೆ ಲೆಕ್ಕ ಹಾಕಿದರೆ ಉಬ್ಬರ ದಿನಕ್ಕೆ ಸುಮಾರು 44 ನಿಮಿಷ ತಡ. ಅಂದರೆ ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಕೋಟೆಯವರು 34 ದಿನ ಎಣಿಸಿದರೆ, ಎರಡು ಉಬ್ಬರಕ್ಕೊಂದು ದಿನ ಎಂದು ಎಣಿಸುವ ಅಳಿವೆಯವರಿಗೆ 33 ‘ನೀರು’ ಮಾತ್ರ. ಕೋಟೆಯ ಗುತ್ತಿಗೆದಾರ ದಿನಕ್ಕೊಂದು ಕಾಸು ಎಂದು ಕೋಟೆಯ ಆಳಿಗೆ 34 ಕೊಡುತ್ತಾನೆ, ನೀರಿಗೊಂದು ಕಾಸು ಎಂದು ಅಳಿವೆಯ ಆಳಿಗೆ 33. ನೂರು ಆಳಿದ್ದರೆ ತಿಂಗಳಿಗೆ ನೂರು ಕಾಸು ಅವನ ಜೇಬಿಗೆ. ಯಾರೂ ಸುಳ್ಳು ಹೇಳಿಲ್ಲ, ಒಪ್ಪಂದ ಮುರಿದಿಲ್ಲ. ಒಂದು ದಂಗೆಗೆ ಇಷ್ಟು ಸಾಕು.

ಹೆಜ್ಜೆ 4: ತಿಂಗಳನ್ನೂ ವರ್ಷವನ್ನೂ ಹೊಂದಿಸಿ, ಇಲ್ಲವೇ ಹೊಂದಿಸದೆ ಬಿಡಿ

ಮೊದಲ ಹೆಜ್ಜೆಯ ಎಂಟು ದಿನ ಈಗ ಕೆಲಸಕ್ಕೆ ಬರುತ್ತದೆ. ಅಳಿವೆಯವರು ಅದನ್ನು ಲೆಕ್ಕಿಸುವುದೇ ಇಲ್ಲ. ಹನ್ನೆರಡು ಹುಣ್ಣಿಮೆ ಕಳೆದರೆ ಅವರಿಗೆ ವರ್ಷ, 408 ದಿನ. ಅವರ ಹೊಸ ವರ್ಷ ಋತುಗಳಲ್ಲಿ ಪ್ರತಿ ಸಲ ಎಂಟು ದಿನ ಮುಂದೆ ಸರಿಯುತ್ತದೆ. ಮುಸ್ಲಿಮರ ಹಿಜರಿ ಲೆಕ್ಕದ ಹಬ್ಬಗಳು ಹಿಂದೆ ಸರಿಯುತ್ತವೆ, ಇಲ್ಲಿ ದಿಕ್ಕು ಅದಲುಬದಲು. ಕೋಟೆಯಲ್ಲಿ 51 ವರ್ಷ ಕಳೆದಾಗ ಅಳಿವೆಯಲ್ಲಿ 50.

ಇದರ ಪರಿಣಾಮ ನೋಡಿ. ಹದಿನೇಳು ತುಂಬಿದವರು ಪಟ್ಟವೇರಬಹುದು ಎಂಬ ಕಾನೂನು ಎರಡೂ ಕಡೆ ಇದೆ ಎನ್ನಿ. ಅಪ್ಪ ಕೋಟೆಯವನು, ಅಮ್ಮ ಅಳಿವೆಯವಳು, ಮಗಳಿಗೆ ಕೋಟೆಯ ಲೆಕ್ಕದಲ್ಲಿ 6,800ನೇ ದಿನಕ್ಕೆ ಹದಿನೇಳು ತುಂಬುತ್ತದೆ, ಅಳಿವೆಯ ಲೆಕ್ಕದಲ್ಲಿ 6,936ನೇ ದಿನಕ್ಕೆ. ನಡುವಿನ 136 ದಿನ ಆಕೆ ಒಂದು ದಡದಲ್ಲಿ ರಾಣಿ, ಇನ್ನೊಂದು ದಡದಲ್ಲಿ ಚಿಕ್ಕ ಹುಡುಗಿ. ಚಿಕ್ಕಪ್ಪನಿಗೆ ಬೇಕಾದಷ್ಟು ಸಮಯ ಸಿಕ್ಕಿತು.

ಕೋಟೆಯವರು ಹೊಂದಿಸಲೇಬೇಕು, ಕಂದಾಯ ಸುಗ್ಗಿಗೆ ಸರಿಯಾಗಿ ಬರಬೇಕಲ್ಲ. ನಮ್ಮಲ್ಲಿ ಹೊಂದಿಸಲು ಸುಮಾರು 32 ತಿಂಗಳಿಗೊಮ್ಮೆ ಒಂದು ತಿಂಗಳು ಸೇರಿಸುತ್ತೇವೆ. ಅವರಿಗೆ ಹನ್ನೆರಡು ತಿಂಗಳು ಹೆಚ್ಚಾಗುವುದರಿಂದ ಒಂದನ್ನು ತೆಗೆಯಬೇಕು. ಹದಿನೇಳು ವರ್ಷಕ್ಕೆ 6,800 ದಿನ, ಇನ್ನೂರು ಹುಣ್ಣಿಮೆಗೂ 6,800 ದಿನ. ವರ್ಷಕ್ಕೆ ಹನ್ನೆರಡರಂತೆ 204 ಆಗುತ್ತದೆ, ಹಾಗಾಗಿ ಹದಿನೇಳು ವರ್ಷದಲ್ಲಿ ನಾಲ್ಕು ತಿಂಗಳು ಕಳೆಯಬೇಕು. ನಮ್ಮ ಪಂಚಾಂಗದಲ್ಲೂ ಕ್ಷಯ ಮಾಸ ಉಂಟು. ಅದು ಬಲು ಅಪರೂಪ, 1982–83ರಲ್ಲಿ ಬಂದಿತ್ತು. ಇವರಿಗೆ ನಾಲ್ಕೈದು ವರ್ಷಕ್ಕೊಮ್ಮೆ ಬರುತ್ತದೆ.

ಹೀಗೆ ತೆಗೆದುಹಾಕಿದ ತಿಂಗಳ ಬಗ್ಗೆ ಸ್ವಲ್ಪ ಹೊತ್ತು ಕೂತು ಯೋಚಿಸಿ. ಆ ವರ್ಷಕ್ಕೆ 374 ದಿನ ಮಾತ್ರ. ವಾರ್ಷಿಕ ಬಡ್ಡಿ ಕೊಡುವ ರೈತ ಕಡಿಮೆ ದಿನಕ್ಕೆ ಪೂರ್ತಿ ಬಡ್ಡಿ ಕೊಡಬೇಕೇ? ಲೋಪವಾದ ತಿಂಗಳಲ್ಲಿ ತೀರಿಕೊಂಡ ಅಜ್ಜನ ತಿಥಿ ಯಾವಾಗ ಮಾಡುವುದು? ಆ ತಿಂಗಳ ಜಾತ್ರೆ ಯಾವ ಊರಿನದು, ಅವರು ಸುಮ್ಮನೆ ಕೂರುತ್ತಾರೆಯೇ? ಎಲ್ಲಕ್ಕಿಂತ ಮೇಲಾಗಿ, ಯಾವ ತಿಂಗಳು ಲೋಪ ಎಂದು ಸಾರುವ ಅಧಿಕಾರ ಯಾರದು? ಜೋಯಿಸರಿಗೆ ಲಂಚ ಕೊಟ್ಟು ತನ್ನ ಗಡುವಿನ ತಿಂಗಳನ್ನೇ ಅಳಿಸಿಹಾಕುವ ಸಾಲಗಾರ ಸೇನಾಪತಿಯೊಬ್ಬ ನಿಮ್ಮ ಕಥೆಯಲ್ಲಿ ಇರಬಾರದೇಕೆ?

ಒಂದೇ ನಂಬಿಕೆಯವರೂ ಇಲ್ಲಿ ಒಡೆಯಬಹುದು. ಪಾರ್ಸಿಗಳ ಹಳೆಯ ವರ್ಷಕ್ಕೆ ಸರಿಯಾಗಿ 365 ದಿನ: ಮೂವತ್ತರ ಹನ್ನೆರಡು ತಿಂಗಳು, ಕೊನೆಗೆ ಐದು ಗಾಥಾ ದಿನ. ಅಧಿಕ ದಿನ ಇಲ್ಲದ್ದರಿಂದ ಅದು ಋತುಗಳಿಂದ ಮೆಲ್ಲನೆ ಜಾರುತ್ತ ಬಂತು. ಈಗ ಶಹನ್‌ಶಾಹಿ, ಕದ್ಮಿ, ಫಸ್ಲಿ ಎಂದು ಮೂರು ಲೆಕ್ಕಗಳಿವೆ. ಮೊದಲೆರಡರ ನಡುವೆ 30 ದಿನಗಳ ಅಂತರ, ಮೂರನೆಯದು ಮಾರ್ಚ್ 21ಕ್ಕೆ ಕಟ್ಟುಬಿದ್ದಿದೆ. ಅಷ್ಟು ಚಿಕ್ಕ ಸಮುದಾಯದಲ್ಲಿ ಮೂರು ಹೊಸ ವರ್ಷ.

ಘಟ್ಟದವರಿಗೆ ಲೆಕ್ಕವೇ ಬೇಡ. ಕಣಿವೆಯ ಹಿಮ ಕರಗಿ ಮೊದಲ ಕುರಿ ದಾಟಿದ ದಿನ ಹೊಸ ವರ್ಷ. ಒಂದು ವರ್ಷ 390 ದಿನ ಆದೀತು, ಇನ್ನೊಂದು 415. ಅವರೊಂದಿಗೆ ‘ವರ್ಷದ ಮೊದಲ ದಿನ’ ಎಂದು ಗಡುವು ಹಾಕಿಕೊಂಡ ವ್ಯಾಪಾರಿ ಕಣಿವೆಯ ಬಾಯಲ್ಲಿ ಕಾಯುತ್ತ ಕೂರಬೇಕು.

ಹೆಜ್ಜೆ 5: ವಾರ

ವಾರಕ್ಕೆ ಆಕಾಶದ ಕಟ್ಟುಪಾಡಿಲ್ಲ, ಸಂತೆಯ ಕಟ್ಟುಪಾಡು ಸಾಕು. ಪಶ್ಚಿಮ ಆಫ್ರಿಕಾದ ಇಗ್ಬೊ ಜನರದು ನಾಲ್ಕು ದಿನದ ಸಂತೆ ವಾರ. ಫ್ರಾನ್ಸಿನ ಕ್ರಾಂತಿಕಾರಿಗಳು 1793ರಲ್ಲಿ ಹತ್ತು ದಿನದ ವಾರ ತಂದರು, ಜನರಿಗೆ ಒಗ್ಗಲಿಲ್ಲ. ತರಕಾರಿ ಎಷ್ಟು ದಿನ ಕೆಡದೆ ಉಳಿಯುತ್ತದೆ, ಪಕ್ಕದ ಊರಿಗೆ ನಡೆದು ಹೋಗಿ ಬರಲು ಎಷ್ಟು ದಿನ ಎಂದು ನೋಡಿ ಅಂಕಿ ಇಡಿ.

ಹೆಜ್ಜೆ 6: ಶಕೆ ಯಾರದು?

ವರ್ಷಕ್ಕೆ ಸಂಖ್ಯೆ ಎಲ್ಲಿಂದ ಎಂಬುದು ಅಧಿಕಾರದ ಪ್ರಶ್ನೆ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದವನೇ ಶಕ ವರ್ಷವನ್ನು ಬದಿಗಿಟ್ಟು ಚಾಲುಕ್ಯ ವಿಕ್ರಮ ವರ್ಷ ಶುರುಮಾಡಿದ. ಶಿವಾಜಿ 1674ರಲ್ಲಿ ರಾಯಗಡದಲ್ಲಿ ಪಟ್ಟಾಭಿಷೇಕ ಮಾಡಿಕೊಂಡಾಗ ರಾಜ್ಯಾಭಿಷೇಕ ಶಕೆ ಹುಟ್ಟಿತು. ಎರಡೂ ಕೊನೆಗೆ ನಿಂತುಹೋದವು. ಶಾಸನ ಕೆತ್ತುವವನು ಯಾರ ವರ್ಷ ಬರೆಯುತ್ತಾನೆ ಎಂಬುದರಿಂದಲೇ ಅವನ ಊರು ಯಾರ ಕಡೆ ಎಂದು ಓದುಗರಿಗೆ ತಿಳಿಸಬಹುದು.

ಗಡಿಯಾರಕ್ಕೂ ಇದೇ ಮಾತು. 1906ರ ಜನವರಿ 1ರಿಂದ ದೇಶಕ್ಕೆ ಒಂದೇ ಪ್ರಮಾಣ ಕಾಲ ಬಂತು. ಅದು ಬೊಂಬಾಯಿಯ ಸ್ಥಳೀಯ ಹೊತ್ತಿಗಿಂತ 39 ನಿಮಿಷ ಮುಂದೆ. ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದು ಪ್ರತಿಭಟಿಸಿದರು. ಅವರ ಪಾಲಿಗೆ ಪಾಳಿ ಅಷ್ಟು ಮೊದಲೇ, ಇನ್ನೂ ಕತ್ತಲಿರುವಾಗಲೇ ಶುರುವಾಗುವುದೆಂದು ಅರ್ಥ. ರೈಲಿಗೆ ಒಂದು ಹೊತ್ತು, ನಗರಕ್ಕೆ ಇನ್ನೊಂದು ಎಂಬ ಸ್ಥಿತಿ 1955ರವರೆಗೆ ನಡೆಯಿತು. ಒಂದು ತಲೆಮಾರಿಗೂ ಹೆಚ್ಚು ಕಾಲ ಜನ ಎರಡು ಹೊತ್ತನ್ನು ತಲೆಯಲ್ಲಿಟ್ಟುಕೊಂಡೇ ಓಡಾಡಿದರು. ನಿಮ್ಮ ಸಾಮ್ರಾಜ್ಯ ಗೆದ್ದ ಊರಿಗೆ ತನ್ನ ಗಂಟೆ ಹೇರಿದಾಗ ಮೊದಲು ತೊಂದರೆಗೆ ಸಿಕ್ಕುವವರು ಯಾರು ಎಂದು ಬರೆದಿಟ್ಟುಕೊಳ್ಳಿ. ಅವರು ಹೆಚ್ಚಾಗಿ ರಾಜರಾಗಿರುವುದಿಲ್ಲ.

ಹೆಜ್ಜೆ 7: ಕೋಷ್ಟಕ ಮಾಡಿ

ಇಷ್ಟೆಲ್ಲ ತಲೆಯಲ್ಲಿ ನಿಲ್ಲುವುದಿಲ್ಲ. ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಮೊದಲ ಕಾಲಂನಲ್ಲಿ ಬರಿಯ ದಿನದ ಕ್ರಮಸಂಖ್ಯೆ, ಕಥೆಯ ಮೊದಲ ದಿನ 1. ಅದು ಯಾರ ಪಂಚಾಂಗವೂ ಅಲ್ಲ, ನಿಮ್ಮದು ಮಾತ್ರ. ಎರಡನೆಯದು ಚಂದ್ರ: ಕ್ರಮಸಂಖ್ಯೆಯನ್ನು 34ರಿಂದ ಭಾಗಿಸಿ ಬಂದ ಶೇಷ. ಶೇಷ ಸೊನ್ನೆಯಾದರೆ ಹುಣ್ಣಿಮೆ ಎಂದು ಇಟ್ಟುಕೊಂಡರೆ 17 ಬಂದಾಗ ಅಮಾವಾಸ್ಯೆ. ಮುಂದೆ ಕೋಟೆಯ ತಾರೀಕು, ಅಳಿವೆಯ ತಾರೀಕು, ಕೊನೆಗೆ ಘಟನೆ. ಪತ್ರ, ಸೈನ್ಯ, ಬಸಿರು, ಗಾಯ ಮಾಯುವುದು ಎಲ್ಲವನ್ನೂ ಮೊದಲ ಕಾಲಂನ ಸಂಖ್ಯೆಯಲ್ಲೇ ಲೆಕ್ಕ ಹಾಕಿ, ಆಮೇಲೆ ಆಯಾ ಜನರ ತಾರೀಕಿಗೆ ತಿರುಗಿಸಿ.

ತಿರುಗಿಸುವಾಗ ಸಿಗುವ ವಿಚಿತ್ರಗಳನ್ನು ಬಿಡಬೇಡಿ. ಪೋರ್ಚುಗೀಸರು 1582ರಲ್ಲೇ ಗ್ರೆಗೋರಿಯನ್ ಲೆಕ್ಕಕ್ಕೆ ಬಂದವರು, ಇಂಗ್ಲಿಷರು 1752ರವರೆಗೆ ಹಳೆಯ ಜೂಲಿಯನ್ ಬಿಡಲಿಲ್ಲ. 1668ರಲ್ಲಿ ಬೊಂಬಾಯಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದಾಗ ಗೋವಾದ ತಾರೀಕು ಹತ್ತು ದಿನ ಮುಂದಿತ್ತು. ಗೋವಾದಲ್ಲಿ 20ನೇ ತಾರೀಕು ಬರೆದ ಕಾಗದ ಎಂಟು ದಿನ ದಾರಿ ಸವೆಸಿದರೆ ಬೊಂಬಾಯಿಯಲ್ಲಿ ಅದು ಕೈಸೇರುವುದು 18ಕ್ಕೆ, ಬರೆಯುವುದಕ್ಕಿಂತ ಎರಡು ದಿನ ಮೊದಲು! ಕಾಗದದ ಮೇಲಿನ ತಾರೀಕನ್ನು ಸಾಕ್ಷಿಯಾಗಿ ನಂಬುವ ನ್ಯಾಯಾಧೀಶನೊಬ್ಬ ನಿಮ್ಮ ಕಥೆಯಲ್ಲಿದ್ದರೆ ಏನಾಗುತ್ತದೆ ನೋಡಿ.

ಹೆಜ್ಜೆ 8: ಪುಟದ ಮೇಲೆ ತರುವುದು

ಕೋಷ್ಟಕ ನಿಮ್ಮಲ್ಲೇ ಇರಲಿ. ಕಥೆಯ ನಡುವೆ ಪಂಚಾಂಗ ವಿವರಿಸುವ ಪ್ಯಾರಾ ಹಾಕಬೇಡಿ, ಮಾತಿನಲ್ಲಿ ಬರಲಿ:

‘ಅಣ್ಣನಿಗೆ ಮೂವತ್ತನಾಲ್ಕು ಕೊಟ್ಟಿರಿ, ಅಯ್ಯಾ. ನನಗೆ ಮೂವತ್ತಮೂರು.’

‘ಅವನು ಕೋಟೆ ಲೆಕ್ಕದ ಆಳಮ್ಮ. ನೀನು ಹೆಬ್ಬೆಟ್ಟು ಒತ್ತಿದ್ದು ನೀರಿನ ಲೆಕ್ಕಕ್ಕೆ.’

‘ಇಬ್ಬರೂ ಬಂದದ್ದು ಒಂದೇ ಹುಣ್ಣಿಮೆಗೆ, ಹೊರಟದ್ದೂ ಒಂದೇ ಹುಣ್ಣಿಮೆಗೆ.’

ಲೆಕ್ಕಿಗ ಕಡತ ಮುಚ್ಚಿದ.

ಓದುಗರಿಗೆ ಇಷ್ಟು ಸಾಕು, ಉಳಿದದ್ದನ್ನು ಅವರೇ ಹಿಡಿಯುತ್ತಾರೆ. ಹೊಸ ಹೆಸರುಗಳನ್ನೂ ಹಿಡಿತದಲ್ಲಿಡಿ. ಒಂದು ಜನಾಂಗಕ್ಕೆ ಕಥೆಯಲ್ಲಿ ಕೆಲಸವಿರುವ ಮೂರು ನಾಲ್ಕು ತಿಂಗಳ ಹೆಸರು ಬಂದರೆ ಸಾಕು. ತುಳುನಾಡಿನವರಿಗೆ ‘ಆಟಿ’ ಎಂದರೆ ಬಿಡದ ಮಳೆ, ಶುಭಕಾರ್ಯವಿಲ್ಲದ ತಿಂಗಳು ಎಂದು ಕೂಡಲೇ ಕಣ್ಣಿಗೆ ಕಟ್ಟುತ್ತದೆ. ನಿಮ್ಮ ತಿಂಗಳಿಗೂ ಅಂಥ ಒಂದು ಹವೆ, ಒಂದು ಊಟ, ಒಂದು ನಿಷೇಧ ಅಂಟಿಸಿ.

ಕೊನೆಯ ಕರಡು ಮುಗಿದ ಮೇಲೆ ರಾತ್ರಿಯ ದೃಶ್ಯಗಳನ್ನಷ್ಟೇ ಒಂದು ಸಲ ಓದಿ, ಪ್ರತಿಯೊಂದರ ಪಕ್ಕ ಕ್ರಮಸಂಖ್ಯೆ ಬರೆದು ಕೋಷ್ಟಕದ ಚಂದ್ರನೊಂದಿಗೆ ತಾಳೆ ನೋಡಿ. ಹುಣ್ಣಿಮೆ ಬೆಳಕಿನಲ್ಲಿ ಕೋಟೆ ಹಾರಿದ ಹುಡುಗ ಒಂಬತ್ತನೆಯ ರಾತ್ರಿ ಮತ್ತೆ ತುಂಬು ಚಂದ್ರನ ಕೆಳಗೆ ನದಿ ದಾಟುತ್ತಿದ್ದರೆ ನದಿಯ ದೃಶ್ಯವನ್ನು ನಡುರಾತ್ರಿಯವರೆಗೆ ಕತ್ತಲು, ಆಮೇಲೆ ಅರ್ಧ ಚಂದ್ರ ಎಂದು ತಿದ್ದಬೇಕು. ಉಬ್ಬರದ ಹೊತ್ತೂ ಅದರ ಜೊತೆಗೇ ಬದಲಾಗುತ್ತದೆ, ಅಳಿವೆಯ ದೃಶ್ಯಗಳಿದ್ದರೆ ಅದನ್ನೂ ನೋಡಿಕೊಳ್ಳಿ.